ಕಾಲೇಜು ಮಾಡಿದ ಆಹೇರ

ಕರಜಗಿಯಲ್ಲಿ ಯಾರ ಮನೆಯ ಮದುವೆಯಾದರೂ ಆಹೇರ ಬರೆಯಲು ಸೈದಪ್ಪನೇ ಬರಬೇಕು. ಸೊಲ್ಲಾಪುರದ ನವಿ ಪೇಠದ ಬಟ್ಟೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸೀರೆ ಮಡಚುತ್ತಿರುವ ಈ ಮನುಷ್ಯ, ಮದುವೆಯ ದಿನ ರಜೆ ಹಾಕಿ ಎಸ್‌ಟಿ ಬಸ್ಸು ಹಿಡಿದು ಊರಿಗೆ ಹೋಗಿ, ಮಂಟಪದ ಬಾಗಿಲಲ್ಲೇ ಕುರ್ಚಿ ಹಾಕಿ ಕೂರುತ್ತಾನೆ. ಯಾರು ಎಷ್ಟು ಉಡುಗೊರೆ ಕೊಟ್ಟರು, ನಾಳೆ ಅವರ ಮನೆಯ ಮದುವೆಗೆ ಎಷ್ಟು ತಿರುಗಿಸಬೇಕು, ಎಲ್ಲ ಅವನ ಲೆಕ್ಕದ ವಹಿಯಲ್ಲಿ ಬರಬೇಕು. ನೂರೊಂದು ಕೊಟ್ಟವರ ಹೆಸರನ್ನು ಮೆಲ್ಲಗೆ ಓದುತ್ತಾನೆ, ಐದು ಸಾವಿರ ಕೊಟ್ಟವರದನ್ನು ಮೈಕಿನಲ್ಲಿ ಎರಡು ಸಲ ಕೂಗುತ್ತಾನೆ. ದೊಡ್ಡ ಅಂಕಿ ಕಂಡರೆ ಪುಣ್ಯಾತ್ಮನಿಗೆ ಮೈಮೇಲೆ ಎಚ್ಚರವಿರುವುದಿಲ್ಲ.

ಹಾಗಾಗಿ ಮಗಳು ಶುಭಾಂಗಿಗೆ ಫಾರ್ಮಸಿ ಓದಲು ಎರಡು ಕಾಲೇಜುಗಳಿಂದ ಪತ್ರ ಬಂದಾಗ ಆಗಬಾರದ್ದು ಆಯಿತು. ಗಾಜಿನ ಕಟ್ಟಡದ ಹೊಸ ಕಾಲೇಜಿನ ಫೀ ವರ್ಷಕ್ಕೆ ಒಂದು ಲಕ್ಷ ಅರವತ್ತು ಸಾವಿರ, ಅದಕ್ಕೆ ಒಟ್ಟು ನೆರವು ಒಂದು ಲಕ್ಷ ನಲವತ್ತೈದು ಸಾವಿರ. ಹಳೆಯ ಕಾಲೇಜಿನ ಫೀ ಐವತ್ತು ಸಾವಿರ, ನೆರವು ಬರೀ ಹತ್ತು. ಶನಿವಾರದೊಳಗೆ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕಿತ್ತು.

“ಹತ್ತು ಸಾವಿರ ಕೊಡಾಕ ಇವರಿಗೆ ನಾಚಿಕಿ ಬರಲಿಲ್ಲೇನು?” ಎಂದ ಸೈದಪ್ಪ.

“ಅಪ್ಪಾ, ಮ್ಯಾಲಿನ ಮೂರು ಸಾಲು ಒಂದಿಷ್ಟು ಕೇಳು.”

“ಮೊತ್ತ ಕೆಳಗ ಇರ್ತದ. ಶಾಣ್ಯಾ ಮಂದಿ ಕೆಳಗಿಂದ ಓದ್ತಾರ.”

ಮಗಳ ಮಾತು ಮುಗಿಯುವ ಮೊದಲೇ ಅಂಗಡಿಯವರಿಗೆಲ್ಲ ಪೇಢೆ ಹಂಚಿ ಬಂದ.

ಶುಕ್ರವಾರ ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು, ಹೊಸ ಕಾಲೇಜಿನ ಉಪಕಾರವನ್ನು ತನ್ನ ಮನೆಯ ವಹಿಯಲ್ಲಿ ಬರೆಯಲು ಕೂತ. ಪಡೆದದ್ದನ್ನು ಬರೆಯದಿದ್ದರೆ ಅವನಿಗೆ ಅನ್ನ ಸೇರದು.

“ಒಂದೊಂದಽ ಹೇಳು. ಮೂವತ್ತು ಸಾವಿರ ಕೊಟ್ಟವರು?”

“ಕಾಲೇಜು. ಸ್ಕಾಲರ್‌ಶಿಪ್.”

“ತಿರುಗಿ ಕೊಡೂದು?”

“ಏನೂ ಇಲ್ಲ.”

ತಿರುಗಿಸಬೇಕಿಲ್ಲದ ಆಹೇರವನ್ನು ಸೈದಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಫೀಯಲ್ಲಿ ಬಿಟ್ಟ ಹದಿನೈದು ಸಾವಿರವೂ ಹಾಗೆಯೇ. ಸಂತೋಷದಿಂದ ಕಾಲು ಚಾಚಿ ಕೂತ.

“ಉಳದ ಒಂದು ಲಕ್ಷ?”

“ಅದು ಬ್ಯಾಂಕಿನ ಲೋನ್ ಅಪ್ಪಾ. ಕಾಲೇಜಿನವರು ಕೊಡಸ್ತಾರ, ಅಷ್ಟ.”

“ತಿರುಗಿ ಕೊಡೂದು?”

“ಓದು ಮುಗದು ಒಂದು ವರ್ಷಕ್ಕ ಕಂತು ಶುರು. ಬಡ್ಡಿ ಮಾತ್ರ ರೊಕ್ಕ ಕೊಟ್ಟ ದಿನದಿಂದಽ. ನಾಕು ವರ್ಷಕ್ಕ ನಾಕು ಲಕ್ಷ ಆಗ್ತದ, ಬಡ್ಡಿ ಬ್ಯಾರೆ.”

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ರಖಮಾಬಾಯಿ ಕೈ ನಿಲ್ಲಿಸಿದಳು. “ಊರಿಗಿ ಉಪಕಾರಿ, ಮನಿಗಿ ಮಾರಿ. ಸಾಲ ಆಗ್ತದಂತ ಪೇಢೆ ಹಂಚಿದವರು ಸೊಲ್ಲಾಪುರದಾಗ ನೀವೊಬ್ಬರಽ ನೋಡ್ರಿ!”

ಸೈದಪ್ಪ ಅದಕ್ಕೂ ನಗುತ್ತಿದ್ದನೇನೋ. ಆದರೆ ವಹಿಯಲ್ಲಿ ಹೆಸರಿನ ಜಾಗ ಖಾಲಿಯಿತ್ತು. “ಯಾರ ಹೆಸರಲೆ?” ಎಂದ.

“ನನ್ನ ಹೆಸರಲೆ. ನಿಂದು ಜೋಡಿ ಸಹಿ.”

ಇಷ್ಟು ವರ್ಷ ಮನೆಯ ಯಜಮಾನರ ಹೆಸರು ಬರೆದೇ ಅವನಿಗೆ ರೂಢಿ. ಹದಿನೆಂಟು ವರ್ಷದ ಹುಡುಗಿಯ ಹೆಸರಿನ ಮುಂದೆ ನಾಲ್ಕು ಲಕ್ಷ ಎಂದು ಬರೆಯಹೋದವನು ಪೆನ್ನು ಕೆಳಗಿಟ್ಟ. ಮೂರು ದಿನದಿಂದ ಅವಳು ಹೇಳುತ್ತಲೇ ಇದ್ದಳು, ತಾನೇ ಕಿವಿಗೊಡಲಿಲ್ಲ. ಅವನಿಗೆ ನಿಜವಾಗಿ ನಾಚಿಕೆಯಾಯಿತು.

ಮರುದಿನ ಅಪ್ಪ-ಮಗಳು ಹಳೆಯ ಕಾಲೇಜಿಗೇ ಒಪ್ಪಿಗೆ ಕೊಟ್ಟು ಬಂದರು. ಕಟ್ಟಬೇಕಾದ ನಲವತ್ತರಲ್ಲಿ ಹದಿನೈದು ಸಾವಿರ ಕೈಯಲ್ಲಿತ್ತು. ಉಳಿದ ಇಪ್ಪತ್ತೈದಕ್ಕೆ ಸಾಲ ಬೇಕೇ ಬೇಕು. “ಇಷ್ಟಾದ್ರ ನಾ ತೀರಸ್ತೀನಿ” ಎಂದಳು ಶುಭಾಂಗಿ.

ಮುಂದಿನ ವಾರ ಬ್ಯಾಂಕಿನಲ್ಲಿ ಸೈದಪ್ಪ ಸಹಿ ಹಾಕುವ ಮೊದಲು ಅಧಿಕಾರಿ ಉದಯಕುಮಾರರಿಂದ ಕಾಗದದ ಪ್ರತಿ ಸಾಲನ್ನೂ ಓದಿಸಿದ. ಹಿಂದೆ ನಿಂತವರು ಗೊಣಗಿದರು. ಶುಭಾಂಗಿ ಅಪ್ಪನ ಅಂಗಿ ಜಗ್ಗಿದಳು.

“ಸಾಕು ಅಪ್ಪಾ, ನನಗ ಎಲ್ಲಾ ತಿಳದದ.”

“ನಿನಗ ಅವತ್ತಽ ತಿಳದಿತ್ತವಾ. ನನಗ ಈಗ ತಿಳ್ಯಾಕತ್ತದ. ಸಾಹೇಬ್ರ, ಆ ಬಡ್ಡೀದು ಇನ್ನೊಮ್ಮೆ ಓದ್ರಿ.”