ಚುಕ್ಕೆಯಿಲ್ಲದ ಎಲೆ

ನಮ್ಮ ಭಾವನ ಎಲೆತೋಟಕ್ಕೆ ಮೆಟ್ಟು ಹಾಕಿಕೊಂಡು ಹೋದವರು ನನಗೆ ತಿಳಿದ ಮಟ್ಟಿಗೆ ಯಾರೂ ಇಲ್ಲ. ಅಕ್ಕಿಹೆಬ್ಬಾಳಿನಿಂದ ಸ್ವಲ್ಪ ಆಚೆಗೆ, ನಾಲೆಯ ಮಗ್ಗುಲಲ್ಲಿರುವ ಸಣ್ಣ ವೀಳ್ಯದೆಲೆ ತೋಟ ಅದು. ಅಗಸೆ ಮರಗಳಿಗೆ ಬಳ್ಳಿ ಹಬ್ಬಿಸಿ, ಸುತ್ತ ಸೋಗೆಯ ತಟ್ಟಿ ಕಟ್ಟಿ, ಒಳಗೆ ಹೋದರೆ ಗುಡಿಯ ಹಾಗೆ ತಣ್ಣಗೆ ಮಬ್ಬುಗತ್ತಲು. ಮಿಂದು, ಬರಿಗಾಲಲ್ಲಿ ಹೋಗಬೇಕು. ಒಮ್ಮೆ ಯಾವುದೋ ಇಲಾಖೆಯವರು ಸರ್ವೆಗೆಂದು ಬೂಟು ಹಾಕಿಕೊಂಡು ಬಂದಾಗ ಭಾವ ಬಾಗಿಲಲ್ಲೇ ಅಡ್ಡ ನಿಂತು ಬಿಚ್ಚಿಸಿದ್ದರು. ಆ ಅಧಿಕಾರಿಯ ಕಾಲುಚೀಲದ ಹೆಬ್ಬೆರಳು ತೂತಾಗಿದ್ದನ್ನು ಇಡೀ ಊರು ನೋಡಿತು. ಸರ್ವೆ ಬೇಗ ಮುಗಿಯಿತು.

ಕಳೆದ ಮಳೆಗಾಲದಲ್ಲಿ ಆ ತೋಟಕ್ಕೆ ಕೊಳೆರೋಗ ಬಿತ್ತು. ಎಲೆಯ ಮೇಲೆ ಮೊದಲು ನೀರು ಚಿಮುಕಿಸಿದಂಥ ಗುರುತು, ಆಮೇಲೆ ಅದೇ ಕಪ್ಪು ಚುಕ್ಕೆ, ಚುಕ್ಕೆಯ ಸುತ್ತ ಹಳದಿ ಅಂಚು. ಹಿಡಿದು ನೋಡಿದರೆ ಎಲೆ ಕೈಯಲ್ಲೇ ಬೆಂದ ಸೊಪ್ಪಿನ ಹಾಗೆ ಮೆತ್ತಗಾಗುತ್ತಿತ್ತು. ತೋಟಕ್ಕೆ ರೋಗ ಬರುವುದು ಹೊಸದಲ್ಲ, ಆದರೆ ಈ ಸಲ ಅದು ಬರಬಾರದ ಹೊತ್ತಿನಲ್ಲಿ ಬಂದಿತ್ತು. ಅಕ್ಕ ಭಾವಂದಿರಿಗೆ ಇರುವುದು ಒಬ್ಬಳೇ ಮಗಳು. ನಾಗಮಂಗಲದ ಕಡೆ ಹೊಣಕೆರೆಗೆ ಕೊಟ್ಟಿದೆ. ಅವಳಿಗೆ ಏಳು ತುಂಬುತ್ತಿತ್ತು. ಸೀಮಂತಕ್ಕೆ ದಿನ ಗೊತ್ತಾಗಿತ್ತು, ಬೀಗರು ಬರುವವರಿದ್ದರು. ಭಾವನ ಮನೆಯ ಪದ್ಧತಿಯ ಪ್ರಕಾರ ಹೆಣ್ಣುಮಗಳ ಮಡಿಲು ತುಂಬುವುದಕ್ಕೆ ಮನೆ ತೋಟದ ಎಲೆಯೇ ಆಗಬೇಕು. ಅದರಲ್ಲಿ ಎರಡೆಲೆ ಎತ್ತಿ ಸುಣ್ಣ ಅಡಿಕೆ ಇಟ್ಟು ಸೋದರಮಾವನಾದವನು ಅವಳ ಕೈಗೆ ಕೊಡಬೇಕು. ಅವಳು ಎಲ್ಲರ ಮುಂದೆ ಅಗಿಯಬೇಕು. ತುಟಿ ಕೆಂಪಾಯಿತೆ ಎಂದು ಹೆಂಗಸರು ಬಾಗಿ ನೋಡಬೇಕು. ಆ ಸೋದರಮಾವ ನಾನು.

ಒಂದು ಬೆಳಗ್ಗೆ ಭಾವ ಫೋನು ಮಾಡಿದರು. “ಲೇ, ಪ್ಯಾಟೇಲಿ ಔಸ್ದಿ ತಂದಿವ್ನಿ ಕಣ್ಲಾ. ಅಕ್ಸರ ಇರುವೆಕಾಲ್ ಇದ್ದಂಗವೆ. ಬಂದು ಓದ್ಬುಟ್ಟು ಓಗು.”

ಸರ್ಕಾರಿ ಕಚೇರಿಯಲ್ಲಿ ಸುತ್ತೋಲೆಗಳನ್ನು ಓದಿ ಓದಿಯೇ ನಿವೃತ್ತನಾದ ನಾನು ಶ್ರೀರಂಗಪಟ್ಟಣದಲ್ಲಿ ಕೋಟೆಯೊಳಗಿನ ಮನೆಯಲ್ಲಿ ಕುಳಿತಿರುತ್ತೇನೆ. ಸಣ್ಣ ಅಕ್ಷರದಲ್ಲಿ ಅಚ್ಚಾದದ್ದೆಲ್ಲ ನನ್ನ ಅಧಿಕಾರವ್ಯಾಪ್ತಿಗೆ ಸೇರಿದ್ದು ಎಂದು ನೆಂಟರೆಲ್ಲರ ತೀರ್ಮಾನ. ಸಾಲದ ಪತ್ರ, ಮಾತ್ರೆಯ ಡಬ್ಬಿ, ಕೋರ್ಟಿನ ನೋಟೀಸು ಯಾವುದೇ ಇರಲಿ, ನನ್ನನ್ನು ಕರೆಸಿ ಓದಿಸುತ್ತಾರೆ. ಓದಿಸಿದ ಮೇಲೆ ತಮಗೆ ತೋಚಿದ್ದನ್ನು ಮಾಡುತ್ತಾರೆ. ಅದೂ ಒಂದು ಗೌರವವೇ. ಭೂತಗನ್ನಡಿ, ರಬ್ಬರಿನ ಕೈಗವಸು, ಮೂಗು ಬಾಯಿ ಮುಚ್ಚುವ ಮಾಸ್ಕು, ಪ್ಲಾಸ್ಟಿಕ್ಕಿನ ಕನ್ನಡಕ ಇಷ್ಟನ್ನೂ ಚೀಲಕ್ಕೆ ತುಂಬಿಕೊಂಡು, ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಕೆ.ಆರ್. ಪೇಟೆ ದಾಟಿ, ರಣರಂಗಕ್ಕೆ ಹೊರಟ ರಾಜವೈದ್ಯನಂತೆ ಹೋಗಿ ಇಳಿದೆ.

ಜಗುಲಿಯ ಮೇಲೆ ಡಬ್ಬ ಇಟ್ಟಿದ್ದರು. ಅದರ ಕತ್ತಿಗೆ ಮಡಿಸಿ ಕಟ್ಟಿದ್ದ ಚೀಟಿಯನ್ನು ಬಿಡಿಸಿದರೆ ಸಣ್ಣ ಟವೆಲಿನಷ್ಟಾಯಿತು. ನಾನು ಶಾಸನ ಓದುವವನ ಹಾಗೆ ಗಂಟಲು ಸರಿಮಾಡಿಕೊಂಡು ಓದಿದೆ. ಬರಿಗೈಯಲ್ಲಿ ಕಲಸತಕ್ಕದ್ದಲ್ಲ. ಗಾಳಿಗೆ ಎದುರಾಗಿ ಸಿಂಪಡಿಸತಕ್ಕದ್ದಲ್ಲ. ಸಿಂಪಡಿಸುವಾಗ ತಿನ್ನತಕ್ಕದ್ದಲ್ಲ, ಕುಡಿಯತಕ್ಕದ್ದಲ್ಲ, ಜಗಿಯತಕ್ಕದ್ದಲ್ಲ. ಭಾವ ಅಷ್ಟೂ ಹೊತ್ತು ಎಲೆ ಅಡಿಕೆ ಜಗಿಯುತ್ತಾ ಭಕ್ತಿಯಿಂದ ಕೇಳಿದರು. ಡಬ್ಬದ ಮೇಲೆ ಅಪಾಯದ ಮಟ್ಟ ತೋರಿಸುವ ಬಣ್ಣದ ಗುರುತು ಇರುತ್ತದೆ. ಕೆಂಪು ಎಲ್ಲಕ್ಕಿಂತ ಉಗ್ರ, ಹಸಿರು ಎಲ್ಲಕ್ಕಿಂತ ಸೌಮ್ಯ. ಇದರ ಮೇಲೆ ಹಸಿರಿತ್ತು. ಅದನ್ನು ಕಂಡು ಅವರಿಗೆ ಬಹಳ ಸಮಾಧಾನವಾಯಿತು. ಸೌಮ್ಯ ಎಂದರೆ ಪಾಯಸ ಎಂದು ಅರ್ಥವಲ್ಲ ಎಂದು ನಾನು ವಿವರಿಸಿದೆ. ಮೈಸೂರು ಸರ್ಕಲ್ಲಿನಲ್ಲಿ ಹಸಿರು ಬಿದ್ದ ಮೇಲೂ ನಿಂತುಕೊಳ್ಳುವವನು ನೀನೊಬ್ಬನೇ ಇರಬೇಕು ಎಂದರು.

ಔಷಧಿ ಹೊಡೆದ ಎಷ್ಟು ದಿನದ ಮೇಲೆ ಬೆಳೆಯನ್ನು ಕೊಯ್ಯಬಹುದು ಎಂಬುದು ಚೀಟಿಯ ಕೊನೆಯಲ್ಲಿತ್ತು. ದ್ರಾಕ್ಷಿಗೆ ಇಷ್ಟು ದಿನ, ಆಲೂಗಡ್ಡೆಗೆ ಇಷ್ಟು, ಟೊಮೆಟೊಗೆ ಇಷ್ಟು. ಎರಡು ಸಲ ಹುಡುಕಿದೆ. ವೀಳ್ಯದೆಲೆಯ ಸುದ್ದಿಯೇ ಇರಲಿಲ್ಲ. ತೊಳೆಯದೆ, ಬೇಯಿಸದೆ, ಪಂಚೆಗೆ ಒರೆಸಿ ನೇರವಾಗಿ ಬಾಯಿಗಿಡುವ ಎಲೆಯೊಂದು ಈ ದೇಶದಲ್ಲಿ ಇದೆ ಎಂಬ ಸಂಗತಿ ಚೀಟಿ ಬರೆದವರ ಕಿವಿಗೆ ಬಿದ್ದಂತಿರಲಿಲ್ಲ.

“ಭಾವ, ನಮ್ಮ ಎಲೆ ಹೆಸರೇ ಇದರಲ್ಲಿಲ್ಲ. ಇದು ಎಲೆಗೆ ಹೊಡೆಯೋ ಔಷಧೀನೇ ಅಲ್ಲ” ಎಂದೆ.

“ಎಸ್ರೇ ಇಲ್ಲ ಅಂದ್ಮೇಲೆ ನಮ್ಗೆ ಅಡ್ಡೀನೂ ಇಲ್ಲ ಬುಡು” ಎಂದರು.

ಸುತ್ತೋಲೆ ಎಲ್ಲಿ ಮೌನವಾಗಿದೆಯೋ ಅಲ್ಲಿ ಅನುಮತಿ ಇದೆಯೆಂದು ತಿಳಿಯುವ ಈ ನ್ಯಾಯದ ಮೇಲೆಯೇ ನಮ್ಮ ಕಚೇರಿಯೂ ನಿಂತಿತ್ತು. ಹಾಗಾಗಿ ಮಾತು ಬದಲಿಸಿದೆ. ಹಿಂದಿನ ಹಾಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಹೊಡೆಯಬಾರದೇ ಎಂದು ಕೇಳಿದೆ. ಅದಾದರೆ ಎಲೆಯ ಮೇಲೆ ನೀಲಿಯಾಗಿ ಕಾಣುತ್ತದೆ, ಕಂಡಷ್ಟು ದಿನ ಯಾರೂ ಕೊಯ್ಯುವುದಿಲ್ಲ. ಭಾವನ ತಕರಾರೇ ಅದು. ನೀಲಿ ಹತ್ತಿದ ಎಲೆಯನ್ನು ವ್ಯಾಪಾರದವರು ಮುಟ್ಟುವುದಿಲ್ಲವಂತೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಎಲೆಯ ಒಳಕ್ಕೇ ಇಳಿಯುತ್ತದೆ ಎಂದು ಅಂಗಡಿಯವನು ಗುಣಗಾನ ಮಾಡಿ ಕೊಟ್ಟಿದ್ದ. ಎಲೆಯ ಒಳಗಿಳಿದದ್ದು ತೊಳೆದರೆ ಹೋಗುವುದಿಲ್ಲವಲ್ಲ ಎಂದೆ. ಅದಕ್ಕೇ ಅಲ್ಲವೇ ಮಳೆಗೂ ಹೋಗುವುದಿಲ್ಲ ಎಂದು ಅವರು ಹೆಮ್ಮೆಪಟ್ಟರು. ಇಬ್ಬರೂ ಹೇಳುತ್ತಿದ್ದದ್ದು ಒಂದೇ ಮಾತು.

ಇನ್ನು ನಾನು ಒಯ್ದ ಆಯುಧಗಳ ವಿಚಾರ. ಬೂಟಿನ ಮಾತು ಎತ್ತುವ ಹಾಗೇ ಇರಲಿಲ್ಲ. ಕೈಗವಸನ್ನು ಅಕ್ಕನ ಬಲವಂತಕ್ಕೆ ಹಾಕಿಕೊಂಡರು. ಹಾಕಿಕೊಂಡೇ ಔಷಧಿ ಕಲಸಿ, ಹಾಕಿಕೊಂಡೇ ಹಣೆಯ ಬೆವರು ಒರೆಸಿಕೊಂಡರು. ಕನ್ನಡಕಕ್ಕೆ ಮಂಜು ಕವಿದು ಮೊದಲ ಮರಕ್ಕೇ ಡಿಕ್ಕಿ ಹೊಡೆದದ್ದರಿಂದ ಅದು ಬೇಲಿಗೆ ತೂಗುಬಿತ್ತು. ಮಾಸ್ಕಿನ ಕತೆ ಇನ್ನೂ ಘನವಾದದ್ದು. ಬಾಯಲ್ಲಿ ಎಲೆಯಿಲ್ಲದಿದ್ದರೆ ಬೆನ್ನಿಗೆ ಪಂಪು ಹೊರಲು ಕಾಲೇ ಬರುವುದಿಲ್ಲ ಎಂದು ದವಡೆಗೆ ಒಂದು ಪಟ್ಟು ಎಲೆಯಡಿಕೆ ಒತ್ತರಿಸಿಕೊಂಡು, ಅದರ ಮೇಲೆ ಶಾಸ್ತ್ರೋಕ್ತವಾಗಿ ಮಾಸ್ಕು ಕಟ್ಟಿಕೊಂಡರು. ಸ್ವಲ್ಪ ಹೊತ್ತಿಗೆ ಅದು ನಡುವೆ ಕೆಂಪಾಗಿ, ಯುದ್ಧದಲ್ಲಿ ಗಾಯವಾದವರ ಪಟ್ಟಿಯಂತೆ ಕಾಣತೊಡಗಿತು.

ನಾನು ಗೆದ್ದದ್ದು ಒಂದೇ ಒಂದು. ಸೀಮಂತಕ್ಕೆಂದು ಒಂದು ಸಾಲನ್ನಾದರೂ ಔಷಧಿಯಿಲ್ಲದೆ ಬಿಡಿ ಎಂದು ಬೇಡಿಕೊಂಡೆ. ಪಂಪು ಹೊತ್ತ ಹಾಗೆಯೇ ನಿಂತು ಯೋಚಿಸಿದರು. ಮಗಳ ಮಾತು ಬಂದರೆ ಅವರು ಹಾಗೆ ನಿಲ್ಲುತ್ತಾರೆ. ಆಗಲಿ ಎಂದರು. ಗಾಳಿ ಪಡುವಲಿಂದ ಬೀಸುತ್ತಿತ್ತು, ಹನಿ ಅತ್ತ ಹಾರದಿರಲೆಂದು ಪಡುವಲ ಅಂಚಿನ ಸಾಲನ್ನೇ ಆರಿಸಿಕೊಟ್ಟೆ. ನನ್ನ ವೈಜ್ಞಾನಿಕ ದೃಷ್ಟಿಗೆ ನಾನೇ ತಲೆದೂಗಿ, ಸಂಜೆಯ ಬಸ್ಸಿಗೆ ಊರಿಗೆ ಹೊರಟೆ.

ಸೀಮಂತದ ಹಿಂದಿನ ದಿನ ಬಂದು ತೋಟಕ್ಕೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಔಷಧಿ ಬಿದ್ದ ಸಾಲುಗಳು ಎಣ್ಣೆ ಹಚ್ಚಿ ತಲೆ ಬಾಚಿದ ಹಾಗೆ ಮಿರಮಿರ ಮಿಂಚುತ್ತಿದ್ದವು. ದೊಡ್ಡ ಎಲೆಗಳು ಅಂಗೈಯಗಲ, ಸಣ್ಣದರ ಮೇಲೂ ಒಂದು ಮಚ್ಚೆಯಿಲ್ಲ. ನಾನು ಕಾಪಾಡಿದ ಪಡುವಲ ಸಾಲು ಕಪ್ಪು ಚುಕ್ಕೆ ತುಂಬಿ, ತೂತು ಬಿದ್ದು, ಸಿಡುಬೆದ್ದ ಮುಖದಂತಾಗಿತ್ತು. ತಿನ್ನಬಹುದಾದ ಎಲೆ ನೋಡುವಂತಿರಲಿಲ್ಲ. ನೋಡುವಂತಿದ್ದ ಎಲೆ ತಿನ್ನಬಾರದ್ದಾಗಿತ್ತು.

ಅಕ್ಕನ ಹತ್ತಿರ ಹೋಗಿ ಪಡುವಲ ಸಾಲಿನ ಎಲೆಯನ್ನೇ ಇಡೋಣ ಎಂದೆ. ಅವಳು ಕೆಲಸ ನಿಲ್ಲಿಸಿ ನನ್ನನ್ನು ನೋಡಿದಳು. “ತೂತ್ ಬಿದ್ದಿರೋ ಎಲೇನ ಬಸ್ರಿ ಮಡ್ಲಿಗೆ ಆಕದಾ? ಬೀಗ್ರು ಏನಂದ್ಕಂಡಾರು ಅಂತ ಅಲ್ಲ ಕಣಪ್ಪ, ನನ್ ಕೈಯೇ ಬರಾಕಿಲ್ಲ.”

ಹಾಗಾದರೆ ಪದ್ಧತಿ ಹಾಳಾಗಲಿ, ಕೊಂಡು ತರುತ್ತೇನೆ ಎಂದು ಬೂಕನಕೆರೆಗೆ ಓಡಿದೆ. ಎಲೆ ಮಾರುವ ಅಜ್ಜಿ ಒದ್ದೆ ಗೋಣಿಯ ಮೇಲೆ ಕಟ್ಟು ಕಟ್ಟಾಗಿ ಜೋಡಿಸಿಕೊಂಡು ಕುಳಿತಿದ್ದಳು. ಎಲ್ಲವೂ ಚೆಂದದ ಎಲೆಗಳು. ಔಷಧಿ ಹೊಡೆಯದ ಎಲೆ ಇದೆಯೇ ಎಂದು ದನಿ ತಗ್ಗಿಸಿ ಕೇಳಿದೆ, ಕಳ್ಳಮಾಲು ಕೇಳುವವನ ಹಾಗೆ.

“ಅಂಗಾರೆ ಮಳೆ ಬೀಳ್ದೇ ಇರೋ ಊರ್ಗೋಗಿ ಕೇಳಿ ಸಾಮಿ” ಎಂದಳು.

ಇನ್ನು ಉಳಿದದ್ದು ಸೊಸೆ. ಅಕ್ಕನ ಮಗಳನ್ನು ನಮ್ಮಲ್ಲಿ ಸೊಸೆ ಎಂದೇ ಕರೆಯುವುದು. ಸಂಜೆ ಹಿತ್ತಿಲ ಕಲ್ಲಿನ ಮೇಲೆ ಒಬ್ಬಳೇ ಕಾಲು ಚಾಚಿ ಕುಳಿತಿದ್ದಳು. ಎಲ್ಲವನ್ನೂ ಹೇಳಿದೆ. ತಿಂದರೆ ಹೀಗೆಯೇ ಆಗುತ್ತದೆ ಎಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ, ಏನೂ ಆಗುವುದಿಲ್ಲ ಎಂದು ಹೇಳಲೂ ಇರಲಿಲ್ಲ. ಚೀಟಿ ಸುಮ್ಮನಿತ್ತು, ಅಷ್ಟೆ. ನಾಳೆ ಅಗಿದಂತೆ ಮಾಡಿ ಮರೆಗೆ ಹೋಗಿ ಉಗಿದುಬಿಡು ಎಂದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವಳು ಕೇಳಿಸಿಕೊಂಡಳು.

“ಅಪ್ಪನ್ ತೋಟದೆಲೇನ ನಮ್ಮತ್ತೆ ಮುಂದೆ ನಾನೇ ಉಗುದ್ರೆ ಅಪ್ಪನ್ ಗತಿ ಏನ್ ಮಾವ?” ಎಂದಳು. ಆಮೇಲೆ, “ಚೂರೇ ಚೂರು ಅಗೀತೀನಿ. ನೀನು ಸಣ್ಣ ಎಲೆ ಆರ್ಸ್ಕೊಡು” ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಅವಳು ಒಳಗೆ ಹೋದ ಮೇಲೆ ನೋಡಿದರೆ ಕೊಟ್ಟಿಗೆಯ ಬಾಗಿಲಲ್ಲಿ ಭಾವ ನಿಂತಿದ್ದರು. ಹಸುವಿಗೆ ಹುಲ್ಲು ಹಾಕಲು ಬಂದವರು, ಹುಲ್ಲು ಇನ್ನೂ ತೋಳಿನಲ್ಲೇ ಇತ್ತು. ಎಷ್ಟು ಕೇಳಿಸಿಕೊಂಡಿದ್ದರೋ ತಿಳಿಯದು. ಹುಲ್ಲನ್ನು ಹಸುವಿನ ಮುಂದೆ ಹಾಕಿ ಒಳಗೆ ಹೋದರು.

ಬೆಳಗ್ಗೆ ಅವರು ಮನೆಯಲ್ಲಿರಲಿಲ್ಲ. ತೋಟಕ್ಕೆ ಹೋದರೆ, ಒದ್ದೆ ಪಂಚೆಯಲ್ಲಿ ಪಡುವಲ ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಂದೊಂದೇ ಎಲೆಯನ್ನು ಮಗುಚಿ, ಬೆಳಕಿಗೆ ಹಿಡಿದು, ಬಿಡುತ್ತಿದ್ದರು. ನನ್ನನ್ನು ಕಂಡು ಎದ್ದು, ಟವೆಲಿನಲ್ಲಿ ಸುತ್ತಿದ್ದ ಎರಡು ಎಲೆ ತೋರಿಸಿದರು. ದೊಡ್ಡವಲ್ಲ, ಆದರೆ ಚುಕ್ಕೆಯಿಲ್ಲ. ಅಷ್ಟು ಉದ್ದದ ಸಾಲಿಗೆ ಅವೆರಡೇ ಸಿಕ್ಕಿದ್ದವು.

“ಬಾಯ್ಗೆ ಇವು. ಮಡ್ಲಿಗೆ ಅವು. ಮಡ್ಲೇನು ತಿಂದದಾ?” ಎಂದರು.

ನಾನು ಹಿಂದಿನ ದಿನವೆಲ್ಲ ತಲೆ ಕೆಡಿಸಿಕೊಂಡ ಸಮಸ್ಯೆಗೆ ಇಷ್ಟು ಚೊಕ್ಕವಾದ ಆದೇಶ ಹೊರಬಿದ್ದದ್ದು ಕಂಡು ಸಂತೋಷವಾಯಿತು. ಆ ಎರಡು ಎಲೆಗಳನ್ನು ತಾವೇ ತಂದು, ಹಸೆಯ ಪಕ್ಕದ ತಟ್ಟೆಯ ಅಂಚಿನಲ್ಲಿ, ಬೇರೆಯಾಗಿ ಇಟ್ಟರು. ನಾನು ಅಲ್ಲೇ ಕಾವಲು ನಿಂತೆ.

ಅಷ್ಟರಲ್ಲಿ ಬೀಗರ ವ್ಯಾನು ಬಂತು. ಕಾಲಿಗೆ ನೀರು ಕೊಡಲು, ಕೂರಿಸಲು, ಪಾನಕ ಹಂಚಲು ನಾನು ಬಾಗಿಲಿಗೆ ಹೋಗಬೇಕಾಯಿತು. ತಿರುಗಿ ಬರುವಷ್ಟರಲ್ಲಿ ಭಾವನ ಸೋದರತ್ತೆ ತಟ್ಟೆಯ ಮುಂದೆ ಕುಳಿತುಬಿಟ್ಟಿದ್ದರು. ಊರಿನಲ್ಲಿ ಎಲ್ಲರ ಮನೆಯ ತಾಂಬೂಲವನ್ನೂ ಜೋಡಿಸುವವರು ಅವರೇ. ತಟ್ಟೆಯಲ್ಲಿ ಎರಡು ಎಲೆ ದಿಕ್ಕಿಲ್ಲದವುಗಳಂತೆ ಮೂಲೆಯಲ್ಲಿ ಬಿದ್ದಿರುವುದು ಅವರ ಕಣ್ಣಿಗೆ ಹಿಡಿಸಲಿಲ್ಲ. ಎಲ್ಲವನ್ನೂ ಎತ್ತಿ, ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ, ದೊಡ್ಡದು ಸಣ್ಣದು ಬೆರೆಸಿ, ತೊಟ್ಟು ಒಂದೇ ಕಡೆಗೆ ಬರುವಂತೆ ಗೋಪುರವಾಗಿ ಜೋಡಿಸಿ, ಮೇಲೊಂದು ಅಡಿಕೆ ಇಟ್ಟು, ಹೇಗಿದೆ ಎಂದು ನನ್ನ ಮುಖ ನೋಡಿದರು. ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿತ್ತು.

ಸೋದರಮಾವನನ್ನು ಕರೆದರು. ಹಸಿರು ಸೀರೆ, ಹಸಿರು ಬಳೆ ತೊಟ್ಟು ಅವಳು ಹಸೆಯ ಮೇಲೆ ಕುಳಿತಿದ್ದಳು. ಎಡಕ್ಕೆ ಅವಳ ಅತ್ತೆ, ಸುತ್ತ ಹೆಂಗಸರು. ಬಾಗಿಲ ಬಳಿ ಭಾವ ನಿಂತು, ತಟ್ಟೆಯನ್ನೂ ನನ್ನನ್ನೂ ನೋಡುತ್ತಿದ್ದರು. ನಾನು ಎಲೆಗಳ ಮೇಲೆ ಬೆರಳಾಡಿಸಿದೆ. ಸಣ್ಣ ಎಲೆಗಳು ಬೇಕಾದಷ್ಟಿದ್ದವು. ಎಲ್ಲವೂ ಒದ್ದೆಯಾಗಿದ್ದವು, ಎಲ್ಲವೂ ಹೊಳೆಯುತ್ತಿದ್ದವು, ಒಂದರಲ್ಲೂ ಚುಕ್ಕೆಯಿರಲಿಲ್ಲ. ನಮ್ಮೆರಡು ಅವುಗಳಲ್ಲಿ ಎಲ್ಲೋ ಇದ್ದವು. “ಅದೇನ್ ಲೆಕ್ಕ ಆಕ್ತಿದ್ದೀಯಪ್ಪ, ಆಫೀಸಾ ಇದು?” ಎಂದು ಸೋದರತ್ತೆ ಅಂದದ್ದಕ್ಕೆ ಎಲ್ಲರೂ ನಕ್ಕರು. ಕೈಗೆ ಬಂದ ಎರಡನ್ನು ತೆಗೆದು, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು, ಅವಳ ಕೈಯಲ್ಲಿಟ್ಟೆ. ಅವಳು ಹುಬ್ಬು ಎತ್ತಿ ಕೇಳಿದಳು. ನಾನು ತಲೆಯಾಡಿಸಿದೆ. ಹೌದೆಂದು ಆಡಿಸಿದೆನೋ ಇಲ್ಲವೆಂದು ಆಡಿಸಿದೆನೋ ನನಗೇ ಗೊತ್ತಿಲ್ಲ. ಅವಳು ಬಾಯಿಗಿಟ್ಟುಕೊಂಡು ಅಗಿದಳು. ತುಟಿ ಚೆನ್ನಾಗಿ ಕೆಂಪಾಯಿತು. ಇಂಥ ಎಲೆ ನಮ್ಮ ಕಡೆ ಸಿಕ್ಕುವುದಿಲ್ಲ ಎಂದು ಅವಳ ಅತ್ತೆ ಮೆಚ್ಚಿಕೊಂಡರು.

ಊಟವಾಗಿ ಬೀಗರು ಹೊರಟ ಮೇಲೆ ಭಾವನನ್ನು ಹುಡುಕಿದೆ. ಕೊಟ್ಟಿಗೆಯ ಸೂರಿನ ಕೆಳಗೆ, ಉಳಿದ ಎಲೆಗಳ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಒಂದು ಎಲೆ ಮುಗಿಸಿ ಇನ್ನೊಂದು ತೆಗೆದುಕೊಳ್ಳುತ್ತಿದ್ದರು. ಸುಣ್ಣವಿಲ್ಲ, ಅಡಿಕೆಯಿಲ್ಲ, ಬರೀ ಎಲೆ.

“ಏನು ಭಾವ ಇದು?” ಎಂದೆ.

“ಅವ್ಳು ಮೆದ್ದಿದ್ದು ಎಲ್ಡು. ನಾನು ಇಷ್ಟ್ ಮೆಲ್ತೀನಿ. ಆಗೋದಾದ್ರೆ ನಂಗೇ ಮೊದ್ಲು ಆಗ್ಲಿ. ಆಗ್ನಿಲ್ಲ ಅಂದ್ರೆ ಅವ್ಳಿಗೂ ಇಲ್ಲ ಅಂತ ಗೊತ್ತಾಯ್ತದೆ.”

ಹಾಗಲ್ಲ ಭಾವ, ನಿಮ್ಮ ಮೈ ಬೇರೆ, ಬಸುರಿಯ ಮೈ ಬೇರೆ, ಹೊಟ್ಟೆಯೊಳಗಿನ ಕೂಸಿನ ಲೆಕ್ಕವೇ ಬೇರೆ, ಇದು ಇವತ್ತು ತಿಂದು ನಾಳೆ ತಿಳಿಯುವಂಥದ್ದೂ ಅಲ್ಲ ಎಂದು ವಿವರಿಸುವ ಮಾತುಗಳು ನಾಲಗೆಯ ತುದಿಯವರೆಗೆ ಬಂದವು. ಅವರು ಮುಂದಿನ ಎಲೆಯನ್ನು ಪಂಚೆಗೆ ಒರೆಸಿದರು. ಚೆನ್ನಾಗಿ ಒರೆಸಿದರು, ಎರಡೂ ಮಗ್ಗುಲು. ನಾನು ಪಕ್ಕದಲ್ಲಿ ಕುಳಿತುಕೊಂಡೆ. ಅವರು ತಟ್ಟೆಯನ್ನು ನನ್ನ ಕಡೆಗೂ ಸ್ವಲ್ಪ ಸರಿಸಿದರು. ಒಂದು ತೆಗೆದುಕೊಂಡೆ.