ತೊಗರಿಕಾಳಿನ ಮೇಲೆ ಕೂತು ಬಂದ ಕಲ್ಲು

2023ರ ಜನವರಿ 7, ಶನಿವಾರ. ಸಂಜೆ ಐದು ಮುಕ್ಕಾಲಿಗೆ ಸೂರತ್ ಸ್ಟೇಷನ್ನಿನಲ್ಲಿ ವಡೋದರಾ ಕಡೆಯ ಗಾಡಿಯ ಮಹಿಳಾ ಬೋಗಿ ಹತ್ತಿದೆ. ತೊಡೆಯ ಮೇಲೆ ಒಳಗಿನದು ಕಾಣುವ ಪ್ಲಾಸ್ಟಿಕ್ ಪೆಟ್ಟಿಗೆ. ಅದರೊಳಗೆ ನನ್ನ ಸಂಗ್ರಹದ 41ನೇ ಖನಿಜ, ಓಕೆನೈಟ್.

ಅಪರೂಪದ ಖನಿಜಗಳನ್ನು ಕೂಡಿಸುವುದು ನನ್ನ ಹವ್ಯಾಸ. ಈ ಓಕೆನೈಟ್ ಪುಣೆ ಕಡೆಯ ಕಲ್ಲುಗಣಿಯದು. ಕಪ್ಪು ಕಲ್ಲಿನ ಪೊಟರೆಯಲ್ಲಿ ನಿಂಬೆಹಣ್ಣಿನಷ್ಟು ಬಿಳಿ ಉಂಡೆ, ಮೈತುಂಬ ಕೂದಲಿನಂಥ ಎಳೆಗಳು. ಬೆರಳು ತಾಗಿದರೆ ಎಳೆ ಮಲಗುತ್ತದೆ, ಮತ್ತೆ ಏಳುವುದಿಲ್ಲ. ಹತ್ತಿಯಲ್ಲಿ ಸುತ್ತುವಂತೆಯೂ ಇಲ್ಲ, ಅಂಟಿಕೊಳ್ಳುತ್ತದೆ. ವಡೋದರಾದ ಹಿರಿಯ ಸಂಗ್ರಾಹಕರಾದ ದವೆ ಕಾಕಾ ಇದಕ್ಕೆ ಬದಲಾಗಿ ಆಂಬಾಡುಂಗರ್ ಬೆಟ್ಟದ ನೇರಳೆ ಫ್ಲೋರೈಟ್ ಕೊಡಲು ಒಪ್ಪಿದ್ದರು. ಅದನ್ನು ನಾನು ಮೂರು ವರ್ಷದಿಂದ ಹುಡುಕುತ್ತಿದ್ದೆ. ಅವರದು ಒಂದೇ ಷರತ್ತು: "ಉಂಡೆ ಎಲ್ಲೂ ನಜ್ಜಾಗಿರಬಾರದು ಬೇಟಾ."

ನನ್ನ ಸುತ್ತ ಕೂತವರು ದಿನಾ ಸೂರತ್‌ಗೆ ಕೆಲಸಕ್ಕೆ ಬಂದು ಹೋಗುವ ಹೆಂಗಸರು. ಉತ್ತರಾಯಣ, ಅಂದರೆ ಅಲ್ಲಿನ ಸಂಕ್ರಾಂತಿ, ಹತ್ತಿರವಿತ್ತು. ಎಲ್ಲರ ಮಡಿಲಲ್ಲೂ ಹಸಿ ತೊಗರಿಕಾಯಿ. ಮಾತಾಡುತ್ತಲೇ ಸುಲಿದು ಸ್ಟೀಲ್ ಡಬ್ಬಿ ತುಂಬುತ್ತಿದ್ದರು.

ಪಕ್ಕದಲ್ಲಿದ್ದ ನೀರುಬೆನ್ ಪೆಟ್ಟಿಗೆಯೊಳಗೆ ಇಣುಕಿ, "ಇದೇನು, ಬೊಂಬಾಯಿ ಮಿಠಾಯಿಯಾ?" ಎಂದರು.

"ಅಲ್ಲ ಮಾಸಿ, ಕಲ್ಲು."

"ಕಲ್ಲಿಗೆ ಕೂದಲು ಬಂದಿದೆ, ನಮ್ಮೆಜಮಾನರಿಗೆ ಬರಲಿಲ್ಲ ನೋಡು!" ಎಂದು ಎದುರು ಸೀಟಿನವರು ಹೇಳಿದ್ದೇ, ಬೋಗಿಯೆಲ್ಲ ನಕ್ಕಿತು.

ಅಂಕಲೇಶ್ವರದಲ್ಲಿ ಜನ ನುಗ್ಗಿದರು. ಯಾರದೋ ಚೀಲ ಮೇಲಿನಿಂದ ಜಾರಿ ಪೆಟ್ಟಿಗೆಗೆ ಬಡಿಯಿತು. ಮುಚ್ಚಳ ಎರಡು ಹೋಳಾಗಿ ಬಿತ್ತು, ಪಕ್ಕದ ಗೋಡೆಯೂ ಸೀಳಿತು. ಕಲ್ಲು ವಾಲಿತು. ಯಾರೋ ಪಾಪ, ಹಿಡಿಯಲೆಂದು ಕೈ ಚಾಚಿದರು.

"ಮುಟ್ಟಬೇಡ್ರೀ!" ಎಂದು ಕಿರುಚಿದೆ. ಗಾಬರಿಯಲ್ಲಿ ಕನ್ನಡವೇ ಬಂತು. ಆದರೂ ಆ ಕೈ ಗಾಳಿಯಲ್ಲೇ ನಿಂತಿತು. ನಾನು ಬುಡ ಹಿಡಿದು ಎತ್ತಿದೆ. ಉಂಡೆಗೆ ಏನೂ ಆಗಿರಲಿಲ್ಲ. ಆದರೆ ವಡೋದರಾ ಇನ್ನೂ ಒಂದೂವರೆ ಗಂಟೆಯ ದಾರಿ. ನಿಂತವರ ಸೆರಗು, ಚೀಲ ಎಲ್ಲ ಮುಖಕ್ಕೇ ತಾಗುತ್ತಿತ್ತು. ಅಳು ಬಂತು.

ನೀರುಬೆನ್ ನನ್ನನ್ನೂ ಕಲ್ಲನ್ನೂ ಒಮ್ಮೆ ನೋಡಿದರು. ತಮ್ಮ ಡಬ್ಬಿಯ ಅರ್ಧ ಕಾಳನ್ನು ಗೆಳತಿಯ ಮಡಿಲಿಗೆ ಸುರಿದು, ಉಳಿದ ಕಾಳಿನ ನಡುವೆ ಬೆರಳಿನಿಂದ ಗುಳಿ ಮಾಡಿದರು. "ಇಡು. ಬುಡ ಮಾತ್ರ ಒಳಗೆ."

ಕಾಳು ನಾಲ್ಕೂ ಕಡೆಯಿಂದ ಕಲ್ಲಿನ ಬುಡವನ್ನು ಹಿಡಿದುಕೊಂಡವು. ಬಿಳಿ ಉಂಡೆ ನಡುವೆ ನಿಂತಿತು, ಯಾವುದಕ್ಕೂ ತಾಗದೆ. ಅವರು ಮುಚ್ಚಳ ಹಾಕಿ ನನ್ನ ಮಡಿಲಿಗಿಟ್ಟರು.

"ಮಾಸಿ, ನಿಮ್ಮ ಅಡುಗೆ?"

"ಇವತ್ತು ಮನೆಯವರೆಲ್ಲ ಖಿಚಡಿ ತಿಂತಾರೆ. ಸಾಯುವುದಿಲ್ಲ ಬಿಡು."

ಅಷ್ಟರಲ್ಲಿ ಗಾಡಿ ನರ್ಮದೆ ದಾಟಿತ್ತು. ಭರೂಚ್‌ನಲ್ಲಿ ಇಳಿಯುತ್ತ ಅವರು ಕೂಗಿದರು: "ಡಬ್ಬಿ ಹಬ್ಬ ಮುಗಿದ ಮೇಲೆ ಕೊಡು, ಇದೇ ಬೋಗಿ!"

ರಾತ್ರಿ ಎಂಟೂಕಾಲಿಗೆ ದವೆ ಕಾಕಾ ಮನೆಯಲ್ಲಿ ಡಬ್ಬಿ ತೆರೆದೆ. ಅವರು ಕನ್ನಡಕ ಏರಿಸಿ, ಭೂತಗನ್ನಡಿ ಹಿಡಿದು ಸುತ್ತಲೂ ನೋಡಿದರು. ಕೊನೆಗೆ ಒಳಗೆ ತಿರುಗಿ, "ಕೇಳಿದೆಯೇನೇ, ಇವಳು ಕಲ್ಲಿನ ಜೊತೆ ಪಲ್ಯಕ್ಕೂ ತಂದಿದ್ದಾಳೆ!" ಎಂದು ಹೆಂಡತಿಯನ್ನು ಕರೆದು, ನೇರಳೆ ಫ್ಲೋರೈಟನ್ನು ನನ್ನ ಅಂಗೈಗಿಟ್ಟರು.

ಸೂರತ್‌ನ ಅಡಾಜಣ್ ಬಡಾವಣೆಯ ನಮ್ಮ ಮನೆಗೆ ಬಂದು ಡಬ್ಬಿ ತೊಳೆದಿಟ್ಟೆ. ವಿಜಯಪುರದ ನಮ್ಮವ್ವ ಬಿಡಲಿಲ್ಲ. "ಖಾಲಿ ಡಬ್ಬಿ ಕೊಡತಾರೇನ, ಹುಚ್ಚಿ?" ಎಂದು ಸಂಕ್ರಾಂತಿಗೆ ತಾನೇ ಮಾಡಿದ ಕುಸುರೆಳ್ಳು ತುಂಬಿಕೊಟ್ಟಳು.

ಜನವರಿ 16, ಸೋಮವಾರ ಅದೇ ಬೋಗಿಯಲ್ಲಿ ನೀರುಬೆನ್ ಸಿಕ್ಕರು. ಮುಚ್ಚಳ ತೆಗೆದು, ಮೈತುಂಬ ಮುಳ್ಳೆದ್ದ ಬಿಳಿ ಕಾಳುಗಳನ್ನು ಕಂಡು ಕೈ ಹಿಂದೆಳೆದುಕೊಂಡರು. "ಅಯ್ಯೋ, ನಿನ್ನ ಕಲ್ಲು ಮರಿ ಹಾಕಿದೆಯಲ್ಲೇ! ಮುಟ್ಟಬಹುದಾ?"

"ಇದನ್ನು ತಿನ್ನಲೂಬಹುದು ಮಾಸಿ."

ಡಬ್ಬಿ ಬೋಗಿಯ ಕೊನೆಯವರೆಗೂ ಹೋಗಿ ಖಾಲಿಯಾಗಿ ಬಂತು.

ಅವತ್ತಿನಿಂದ ಅಪರಿಚಿತರ ನಡುವೆ ಕೂತಾಗ ನಾನು ಪೆಟ್ಟಿಗೆಯನ್ನು ಅಪ್ಪಿಕೊಂಡು ಮುದುಡುವುದಿಲ್ಲ. ಏನಿದೆ ಎಂದು ಕೇಳಿದರೆ ತೋರಿಸುತ್ತೇನೆ.

ಕೊನೆಗೊಂದು ಕೋರಿಕೆ. ಓಕೆನೈಟ್ ಸಿಗುವ ಕಪ್ಪು ಕಲ್ಲು ನಮ್ಮ ವಿಜಯಪುರ, ಬೆಳಗಾವಿ ಕಡೆಯ ನೆಲದಲ್ಲೂ ಇದೆ. ಬಾವಿ ತೋಡುವಾಗ ಪೊಟರೆಯಲ್ಲಿ ಇಂಥ ಬಿಳಿ ಉಂಡೆ ಕಂಡವರು ಯಾರಾದರೂ ಇದ್ದರೆ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಉಂಡೆಯನ್ನು ಮುಟ್ಟಬೇಡಿ. ಸುತ್ತಲಿನ ಕಲ್ಲಿನ ಸಮೇತ ಎತ್ತಿ ಡಬ್ಬಿಯಲ್ಲಿಡಿ. ಕೆಳಗೆ ಹಾಸಲು ತೊಗರಿಕಾಳು ನಿಮ್ಮಲ್ಲಿ ಇದ್ದೇ ಇರುತ್ತದೆ.