ಎಡಗೈ ಹೆಬ್ಬೆರಳಿನ ಮಾತು

ಮಹಾಪೆಯ ನಮ್ಮ ಆಫೀಸಿನಲ್ಲಿ ಮ್ಯಾನೇಜರುಗಳಿಗೆಲ್ಲ ಹೊಸ ಮೊಬೈಲು ಕೊಡಿಸುವ ಮಾತೆದ್ದಾಗ, ಒಂದನ್ನು ಮೊದಲು ಬಳಸಿ ನೋಡಿ ಹೇಳುವ ಕೆಲಸ ನನ್ನ ತಲೆಗೆ ಬಂತು. ಟಚ್ ಸ್ಕ್ರೀನು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಅಂಗೈಯಷ್ಟಗಲದ ಫೋನು. ಅದರ ಕೆಳಗಿನ ಅರ್ಧದಲ್ಲಿ ಕಡಲೆಬೇಳೆಯಷ್ಟು ಪುಟ್ಟ ಕೀಗಳು, ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದೊಂದು. “ಮ್ಯಾಡಮ್, ಘರ್ ಲೇಕೆ ಜಾವೊ, ಆರಾಮ್ ಸೆ ಚಲಾಕೆ ದೇಖೊ,” ಎಂದರು ಸಾಹೇಬರು. ಮನೆಗೊಯ್ದು ಆರಾಮವಾಗಿ ಬಳಸಿ ನೋಡಬೇಕಂತೆ. ದಿನಾ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಜೀವ ತೇಯ್ದು ಡೊಂಬಿವಲಿಗೆ ಮರಳುವವಳಿಗೆ, ಮನೆಯಲ್ಲಿ ಕಾಯಿಲೆಯ ಅಪ್ಪನನ್ನು ಬಿಟ್ಟು ಬಂದವಳಿಗೆ, ಆರಾಮ ಎಲ್ಲಿಂದ ಬರಬೇಕು?

ಅಪ್ಪ ಕಲ್ಯಾಣ್ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ಅಲ್ಲಿ ಆರ್ಡರು ಬರೆದುಕೊಳ್ಳುವ ಕ್ರಮವಿರಲಿಲ್ಲ. ಗಿರಾಕಿ ಹೇಳಿದ್ದನ್ನು ಟೇಬಲಿನ ಪಕ್ಕದಿಂದಲೇ ಅಡುಗೆಮನೆಗೆ ಕೂಗಬೇಕು. ಎರಡು ಸಾದಾ, ಒಂದು ಮಸಾಲೆ, ಒಂದು ಇಡ್ಲಿ ಡುಬಾಕಿ, ಅಂದರೆ ಸಾಂಬಾರಿನಲ್ಲಿ ಮುಳುಗಿಸಿದ್ದು, ಎಂದು ಅಪ್ಪ ಕೂಗಿದರೆ ಹೊರಗಿನ ರಿಕ್ಷಾ ಸ್ಟ್ಯಾಂಡಿಗೂ ಕೇಳುತ್ತಿತ್ತು. ಅಂಥವರ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಕತ್ತಿನ ನರಕ್ಕೂ ಪೆಟ್ಟಾಗಿ ಬಲಗೈ ಮೇಲೇಳುತ್ತಿರಲಿಲ್ಲ, ಪೆನ್ನು ಹಿಡಿದರೆ ಜಾರುತ್ತಿತ್ತು. ಮನೆಯ ಹಳೇ ಮೊಬೈಲಿನಲ್ಲಿ ಒಂದು ಅಕ್ಷರಕ್ಕೆ ಮೂರು ಸಲ ಒತ್ತಬೇಕು. ಎರಡು ಶಬ್ದಕ್ಕೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅಷ್ಟು ಮಾತಿನ ಮನುಷ್ಯ ಗೋಡೆ ನೋಡುತ್ತಾ ಕೂರುತ್ತಿದ್ದರು.

ಆಫೀಸಿನ ಫೋನನ್ನು ಅವರ ಎಡಗೈಗೆ ಕೊಟ್ಟೆ. ಹೆಬ್ಬೆರಳು ಆ ತುದಿಯಿಂದ ಈ ತುದಿಗೆ ಸಲೀಸಾಗಿ ಮುಟ್ಟಿತು. ಕನ್ನಡ ಅಕ್ಷರ ಅದರಲ್ಲಿರಲಿಲ್ಲ. ಆದರೆ ಅಪ್ಪ ನೈಟ್ ಸ್ಕೂಲಿನಲ್ಲಿ ಓದಿದವರು, ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮ ಮಾತನ್ನು ಜೋಡಿಸಿ ನನ್ನ ಮುಂದೆ ಹಿಡಿದರು. “ಸಾರಿಗೆ ಉಪ್ಪು ಕಮ್ಮಿ,” ಎಂದು ನಾನು ಓದಿದೆ.

“ಬಾಯಿ ಹೋದ್ರೂ ಬುದ್ಧಿ ಹೋಗ್ಲಿಲ್ಲ ಇವರದ್ದು,” ಎಂದು ಅಮ್ಮ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹಾಗಾಗಿ ಅಪ್ಪ ಅವಳಿಗೆ ಹೇಳಬೇಕಾದದ್ದನ್ನೆಲ್ಲ ನನ್ನ ಕೈಲಿ ಓದಿಸುತ್ತಿದ್ದರು. ಸಂಜೆ ನಾನು ಚಪ್ಪಲಿ ಬಿಡುವುದರೊಳಗೆ ಫೋನಿಗೆ ಕೈ ಚಾಚುತ್ತಿದ್ದರು. ಬೆಳಿಗ್ಗೆ ಹಾಲಿನವನು ಮಾಡಿದ ಜಗಳ, ಕೆಳಗಿನ ಮನೆಯವರ ಟೀವಿ, ಎಲ್ಲ ಹೊರಗೆ ಬರುತ್ತಿತ್ತು. ನಮ್ಮ ಮನೆ ಮತ್ತೆ ಮನೆಯಾಯಿತು ಅನಿಸಿತ್ತು ನನಗೆ.

ಅವರಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದವರೇ ಅಲ್ಲ. ನಮ್ಮ ಕಡೆ ಆ ಕಾಲದ ಗಂಡಹೆಂಡಿರಲ್ಲಿ ಆ ರೂಢಿಯಿಲ್ಲ. ಅಪ್ಪ ಬರೇ “ಇಕಾ” ಎನ್ನುತ್ತಿದ್ದರು, ಅದು ಅಮ್ಮನಿಗೋ ನನಗೋ ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು. ಫೋನಿಗೆ ದನಿಯೆಲ್ಲಿದೆ?

ಒಂದು ಭಾನುವಾರ ಸಂಜೆ ಅಮ್ಮ ಅಡುಗೆಮನೆಯಲ್ಲಿದ್ದಳು. ಮರುದಿನ ಅಪ್ಪನನ್ನು ಮತ್ತೆ ಆಸ್ಪತ್ರೆಗೆ ಸೇರಿಸುವುದಿತ್ತು. ಅಪ್ಪ ಬಹಳ ಹೊತ್ತು ಒತ್ತಿ, ಅಳಿಸಿ, ಮತ್ತೆ ಒತ್ತಿ, ಫೋನು ಚಾಚಿದರು. “ಹತ್ತಿರ ಬಂದು ಸ್ವಲ್ಪ ಕೂತ್ಕೊ. ಹೆದರಿಕೆ ಆಗ್ತದೆ.” ನಾನು ತಟ್ಟನೆ ಅವರ ಪಕ್ಕದಲ್ಲಿ ಕೂತೆ. ಅವರು ಅಲ್ಲ ಎಂಬಂತೆ ತಲೆಯಾಡಿಸಿ, ಗಲ್ಲದಿಂದ ಅಡುಗೆಮನೆಯತ್ತ ತೋರಿಸಿದರು.

ಅಮ್ಮನನ್ನು ಕರೆದೆ. ಸೆರಗಿಗೆ ಕೈ ಒರೆಸುತ್ತಾ ಬಂದು ನಿಂತಳು. ಅವಳ ಗಂಡ ಅವಳೊಬ್ಬಳಿಗೇ ಹೇಳಬೇಕಾದ ಮಾತನ್ನು ನಾನು, ಅವಳು ಹೆತ್ತ ಮಗಳು, ಗಟ್ಟಿಯಾಗಿ ಓದಿದೆ. ಅಮ್ಮನ ಮುಖ ಕೆಂಪಾಯಿತು.

“ಎಂತದಿದು, ಬೆಳೆದ ಮಗಳ ಎದುರು,” ಎಂದಳು.

“ನಾನು ಹೊರಗೆ ಗ್ಯಾಲರಿಗೆ ಹೋಗ್ತೇನೆ, ನೀನು ಕೂತ್ಕೊ,” ಎಂದು ನಾನು ಎದ್ದೆ. ಅದು ಇನ್ನೂ ಕೆಟ್ಟಿತು. ಒಲೆಯ ಮೇಲೆ ಹಾಲಿದೆ ಎಂದು ಗೊಣಗಿ ಅವಳು ಸರ್ರನೆ ಒಳಗೆ ಹೋಗಿಬಿಟ್ಟಳು.

ಅಪ್ಪ ನನ್ನ ಕೈಯಿಂದ ಫೋನು ತೆಗೆದುಕೊಂಡು ಬರೆದದ್ದನ್ನೆಲ್ಲ ಅಳಿಸಿದರು. ಬೇರೆ ಬರೆದು ಕೊಟ್ಟರು. “ಚಾ ಬೇಕು ಅಂತ ಹೇಳು.”

ನಾನು ಹೇಳಿದೆ. ಅಮ್ಮ ಎರಡೇ ನಿಮಿಷದಲ್ಲಿ ಚಾ ತಂದಿಟ್ಟಳು, ಅವರ ಮುಖ ನೋಡದೆ.

ಅಪ್ಪ ಆಸ್ಪತ್ರೆಯಿಂದ ಮರಳಲಿಲ್ಲ. ಅಮ್ಮ ಆ ದಿನಗಳೆಲ್ಲ ವಾರ್ಡಿನಲ್ಲೇ ಇದ್ದಳು, ಆದರೆ ಅಪ್ಪನಿಗೆ ಎಚ್ಚರವಿರಲಿಲ್ಲ. ಕ್ರಿಯೆಯೆಲ್ಲ ಮುಗಿಸಿ ಆಫೀಸಿಗೆ ಹೋದಾಗ ಸಾಹೇಬರು ಪಾಪ, ತಡವರಿಸಿಕೊಂಡೇ ಕೇಳಿದರು, ಕೀಪ್ಯಾಡು ಹೇಗಿದೆ ಎಂದು. ಒಳ್ಳೆಯದಿದೆ, ಒಂದೇ ಕೈಯಲ್ಲಿ ಒತ್ತಬಹುದು ಎಂದೆ. ಸುಳ್ಳೇನಲ್ಲ. ಆದರೂ ಫೋನನ್ನು ಅವರ ಮೇಜಿನ ಮೇಲಿಟ್ಟು ಬಂದು ಬಾತ್‌ರೂಮಿನಲ್ಲಿ ಬಾಯಿಗೆ ದುಪಟ್ಟಾ ತುರುಕಿಕೊಂಡು ಅತ್ತೆ.

ಅಮ್ಮ ಆ ಸಂಜೆಯ ಮಾತೆತ್ತಿದ್ದು ಒಂದೇ ಸಲ, ವರ್ಷಾಂತಿಕ ಕಳೆದ ಮೇಲೆ, ಅಕ್ಕಿ ಆರಿಸುತ್ತಾ.

“ಅವತ್ತು ನನಗೂ ಕೂರ್ಬೇಕು ಅಂತ ಇತ್ತು ಮಗಾ,” ಎಂದಳು. “ನೀನು ಇದ್ದಿಯಲ್ಲ.”